ಬೆಂಕಿಬಾಗಿಲ ಮೇಲಿನ ಬಳೆ

ಬಂಟ್ವಾಳ
೨೧-೧-೨೦೦೧

ರಾಫಿಯಾಳ ಉಪ್ಪನಿಗೆ ಶಾಹಿದಾಳ ಪ್ರೀತಿಯ ಸಲಾಂ.

ಹೇಗಿದ್ದೀರಿ? ಸೌದಿಯ ಜುಬೈಲಿನಲ್ಲಿ ಈಗ ಚಳಿಯಂತೆ, ಸೊಂಟನೋವು ಮತ್ತೆ ಎದ್ದಿತೋ? ನಾನೂ ನಿಮ್ಮ ಮಗಳು ರಾಫಿಯಾಳೂ ಸೌಖ್ಯ. ಇದಕ್ಕಿಂತ ಹೆಚ್ಚು ಉಪಚಾರ ಬರೆಯುವ ತಾಳ್ಮೆ ಇವತ್ತು ನನಗಿಲ್ಲ. ನಿಮ್ಮ ಇಂಜಿನ್ ಸಿಕ್ಕಿದೆ! ಹತ್ತು ವರ್ಷ ನೀವು ಕಲ್ಲಿದ್ದಲು ಹಾಕಿದ್ದು, ಉಗಿಬಂಡಿ ನಿಂತ ದಿನ ಮುಟ್ಟಿ ಅತ್ತದ್ದು, ಅದೇ. ಊರಿಗೆ ಬನ್ನಿ ಎಂದರೆ "ಬಂದು ಯಾವ ಕೆಲಸ ಮಾಡಲಿ?" ಎಂದು ಏಳು ವರ್ಷದಿಂದ ಬರೆಯುತ್ತಿದ್ದೀರಲ್ಲ, ಇನ್ನು ಕೇಳಿ.

ಮಿಜಾರಿನಲ್ಲಿ ಸಣ್ಣದೊಂದು ರೈಲು ಮ್ಯೂಸಿಯಂ ಆಗುತ್ತಿದೆ. ನನ್ನ ತಮ್ಮ ಝುಬೈರ್ ಟೆಂಪೊದಲ್ಲಿ ಅಲ್ಲಿಗೆ ಪೈಂಟಿನ ಡಬ್ಬ ಸಾಗಿಸುತ್ತಾನೆ. ಸೋಮವಾರ ನನ್ನನ್ನೂ ಕರೆದುಕೊಂಡು ಹೋದ. ಮೀಟರ್‌ಗೇಜ್ ಇಂಜಿನೊಂದರ ತುಕ್ಕು ಕೆರೆದು ಅರ್ಧ ಕಪ್ಪು ಬಳಿದಿದ್ದರು. ನಂಬರಿನ ಹಿತ್ತಾಳೆ ಫಲಕ ಯಾರೋ ಎಂದೋ ಕಿತ್ತಿದ್ದಾರೆ, ಹಾಗಾಗಿ ಯಾವ ಇಂಜಿನೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಬುರ್ಖಾ ಎತ್ತಿ ಹಿಡಿದು ಹತ್ತಿಯೇ ಬಿಟ್ಟೆ. (ಹೊಸ ಬುರ್ಖಾ ಗ್ರೀಸ್ ಆಗಿದೆ, ಬೈಯಬೇಡಿ.) ಒಳಗೆ ಶಿಶಿರ್ ಎಂಬ ಇಂಜಿನಿಯರ್ ಗ್ಯಾಸ್ ಕಟರ್ ಹಿಡಿದು ನಿಂತಿದ್ದರು. ಕಲ್ಲಿದ್ದಲು ಹಾಕುವ ಬೆಂಕಿಬಾಗಿಲ ಮೇಲೆ ಬೆಸೆದ ಕಬ್ಬಿಣದ ಬಳೆಯೊಂದು ಹಳೆಯ ನಕ್ಷೆಯಲ್ಲಿಲ್ಲವಂತೆ, ನಕ್ಷೆಯಲ್ಲಿಲ್ಲದ್ದನ್ನು ಕತ್ತರಿಸಿ ತೆಗೆಯುವುದಂತೆ. "ಅದನ್ನು ಮುಟ್ಟಬೇಡಿ ಮಾರಾಯ್ರೇ!" ಎಂದು ಕಿರುಚಿದೆ.

ನೆನಪುಂಟಲ್ಲ? ಬಂಟ್ವಾಳ ಸ್ಟೇಷನ್ನಿನಲ್ಲಿ ನಾನು ಕೊಟ್ಟ ಬುತ್ತಿ ಕೋಡಿಂಬಾಳ ದಾಟುವುದರೊಳಗೆ ಚೆಲ್ಲುತ್ತಿತ್ತು. "ನಿನ್ನ ಬಂಗುಡೆ ಸಾರು ಇಂಜಿನೇ ಉಂಡಿತು" ಎಂದು ಗೊಣಗುತ್ತಿದ್ದಿರಿ. ಕೊನೆಗೆ ಶೆಡ್ಡಿನ ವೆಲ್ಡರ್ ಮಮ್ಮುವಿಗೆ ಹೇಳಿ, ಬುತ್ತಿ ಬೀಳದ ಹಾಗೆ, ಆರದ ಹಾಗೆ, ನಮ್ಮ ಟಿಫಿನ್ ಕ್ಯಾರಿಯರಿನ ಅಳತೆಗೇ ಆ ಬಳೆ ಹಾಕಿಸಿದಿರಿ. ಇದನ್ನು ಹೇಳಿದರೆ ಶಿಶಿರ್ ನಕ್ಕರು. ಅಂಥ ಬಳೆ ಹತ್ತು ಇಂಜಿನಿನಲ್ಲಿ ಇರಬಹುದು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಅಟ್ಟದಿಂದ ಕ್ಯಾರಿಯರ್ ಇಳಿಸಿ, ಬಸ್ಸು ಹಿಡಿದು ಹೋಗಿ, ಎಲ್ಲರೆದುರು ಬಳೆಯೊಳಗೆ ಇಟ್ಟೆ. ರಾಫಿಯಾ ಚಿಕ್ಕವಳಿದ್ದಾಗ ಬೀಳಿಸಿ ಆದ ತಗ್ಗು ಉಂಟಲ್ಲ, ಬಳೆಯೂ ಅಲ್ಲೇ ಒಳಕ್ಕೆ ಬಾಗಿದೆ! ಅಲುಗಾಡದೆ ಕೂತಿತು. ಪೈಂಟಿನವರೆಲ್ಲ ಚಪ್ಪಾಳೆ ಹೊಡೆದರು, ಶಿಶಿರ್ ಕಟರ್ ಕೆಳಗಿಟ್ಟರು, ನಾನು ಅತ್ತುಬಿಟ್ಟೆ.

ಈಗ ಅವರಿಗೆ ಉತ್ಸಾಹವೋ ಉತ್ಸಾಹ. ಬೆಂಕಿ ಹಾಕಿ ಎರಡು ಫರ್ಲಾಂಗಾದರೂ ಓಡಿಸಬೇಕಂತೆ. ಯಾವ ತಿರುಪು ಏನಕ್ಕೆ ಎಂದು ನನ್ನನ್ನೇ ಕೇಳುತ್ತಾರೆ! ಬುತ್ತಿ ಕೊಟ್ಟವಳಿಗೆ ಇಂಜಿನ್ ನಡೆಸಲು ಬರುತ್ತದೆಯೇ? ಉಗಿ ಎಬ್ಬಿಸಲು ಗೊತ್ತಿರುವವರು ಅಲ್ಲಿ ಒಬ್ಬರೂ ಇಲ್ಲ.

ರಾಫಿಯಾ ಸಲಾಂ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಲ್ಲಾಹನು ನಿಮ್ಮನ್ನು ಕಾಯಲಿ.

ನಿಮ್ಮ
ಶಾಹಿದಾ

ತಾ.ಕ.: ಝುಬೈರ್ ಅಂಚೆಗೆ ಹೊರಟು ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಎಪ್ರಿಲಿನಿಂದ ಆ ಮ್ಯೂಸಿಯಂನಲ್ಲಿ ನಿಮಗೆ ಕೆಲಸ. ಸಂಬಳ ಜುಬೈಲಿನದರ ಕಾಲು ಭಾಗವೂ ಇಲ್ಲ. ಬರುತ್ತಾರೆ ಎಂದು ನಾನೇ ಒಪ್ಪಿ ಬಂದಿದ್ದೇನೆ. ಇಷ್ಟು ವರ್ಷ ನಿಮ್ಮನ್ನು ಕೇಳದೆ ಏನೂ ಮಾಡಿದವಳಲ್ಲ, ಇದೊಂದು ಮಾಡಿದೆ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.