ನಿನಗೆ ಬೇಡ ಎನ್ನಲಾರದೆ

ಮನೆ, ಮೂರನೇ ಮಹಡಿ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಲಿಫ್ಟ್ ಮೆಕ್ಯಾನಿಕನಿಗೆ,

ಹೇಗಿದ್ದೀಯ? ಎಡಪಕ್ಕೆಯ ಹೊಲಿಗೆಯ ಗುರುತು ಇನ್ನೂ ಜುಮ್ಮೆನ್ನುತ್ತದೆಯೇ? ಭಾರ ಎತ್ತುವುದನ್ನು ಜೊತೆಯವರಿಗೆ ಬಿಡು, ನೀರು ಕುಡಿ. ಇರುವ ಒಂದೇ ಕಿಡ್ನಿಯ ಮೇಲೆ ಪೌರುಷ ತೋರಿಸಬೇಡ. ಅತ್ತೆ ಚೆನ್ನಾಗಿದ್ದಾರೆ. ಮೊಣಕಾಲು ಮಾತ್ರ ಅವರ ಮಾತು ಕೇಳುತ್ತಿಲ್ಲ. ಮನೆಯಲ್ಲಿ ಅವರ ಮಾತು ಕೇಳದೆ ಉಳಿದಿರುವುದು ಅದೊಂದೇ.

ನಾನು ಬೈಂಡಿಂಗ್ ಅಂಗಡಿಗೆ ಅರ್ಧ ದಿನ ಹೋಗುತ್ತಿದ್ದೇನೆ. ಹೊಸ ಕಿಡ್ನಿ ಉಳಿಸುವ ಮಾತ್ರೆಗಳಿಂದ ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ, ಹಾಗಾಗಿ ಯಜಮಾನರು ಹಾಳೆ ಮಡಿಸಲು ಕೂರಿಸಿದ್ದಾರೆ. ಮುಖದ ಊತ ಇಳಿದಿಲ್ಲ. ಗಲ್ಲದ ಮೇಲೆ ನಾಲ್ಕು ಕೂದಲು ಬಂದಿವೆ, ನಿನಗಿಂತ ಮೊದಲು ನಾನೇ ಗಡ್ಡ ಬಿಡುತ್ತೇನೋ ಏನೋ. ಸಿಕ್ಕವರದೆಲ್ಲ ಒಂದೇ ಮಾತು, "ಹೊಸ ಜನ್ಮ ಬಂತಲ್ಲ, ಇನ್ನೇನು ಚಿಂತೆ?" ನಿನ್ನ ಅಮ್ಮ ಕೂಡ, "ನನ್ನ ಮಗನ ಕಿಡ್ನಿ ಹಾಕ್ಕೊಂಡಿದ್ದೀಯ, ಸ್ವಲ್ಪ ನಗ್ತಾ ಇರು" ಎಂದರು. ಪ್ರೀತಿಯಿಂದಲೇ ಅಂದರು. ಅವರೆದುರು ನಕ್ಕೆ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. (ಅಳುವುದಕ್ಕೂ ಗಂಡನ ತಾಯಿಗೂ ಒಂದೇ ಪದ ಇಟ್ಟ ಪುಣ್ಯಾತ್ಮ ಯಾರೋ!)

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ನೀನು, "ನಾನು ಸ್ವಲ್ಪ ದಿನ ದೂರ ಇದ್ರೆ ನಿನಗೂ ಆರಾಮು" ಎಂದೆ. ನಾನು ಇಲ್ಲ ಎನ್ನಲಿಲ್ಲ. ಡಯಾಲಿಸಿಸ್‌ನ ಎರಡು ವರ್ಷ ಗಂಡ ಹೆಂಡತಿಯ ವಿಷಯವನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು. ನನ್ನ ಮುಟ್ಟೂ ನಿಂತಿತ್ತು. ಆಪರೇಷನ್ ಆದ ಮೇಲೆ ಮುಟ್ಟು ತಿರುಗಿ ಬಂತು, ನೀನೂ ಹತ್ತಿರ ಬಂದೆ, ಆಸೆ ಮಾತ್ರ ಬರಲಿಲ್ಲ. ಒಳಗೆಲ್ಲ ಒಣಗಿದ ಹಾಗೆ ಉರಿ, ನೋವು. ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ನನಗಾಗಿ ಮೈ ಕೊಯ್ಯಿಸಿಕೊಂಡವನಿಗೆ ಇವತ್ತು ಬೇಡ ಎನ್ನುವ ಬಾಯಿ ನನಗೆಲ್ಲಿತ್ತು? ನೀನು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ನನ್ನ ಮುಖ ನೋಡಿ ನಿನಗೇನೋ ತಿಳಿಯಿತು, ಆದರೆ ನೀನು ನನ್ನ ನೋವನ್ನು ಬೇಸರ ಎಂದುಕೊಂಡೆ. ಮೊದಲು ಮಗ್ಗುಲು ಬದಲಿಸಿದೆ, ಆಮೇಲೆ ಹಾಸಿಗೆಯನ್ನು ಹಾಲ್‌ಗೆ ಒಯ್ದೆ, ಕೊನೆಗೆ ಈ ದೂರದ ಕೆಲಸ ಒಪ್ಪಿಕೊಂಡೆ.

ಮಂಗಳವಾರ ತಪಾಸಣೆಗೆ ಹೋಗಿದ್ದೆ. ನೀನು 'ಹೆಡ್ಮೇಡಂ' ಎಂದು ಹೆಸರಿಟ್ಟ ಆ ಹಿರಿಯ ನರ್ಸ್ ರಕ್ತ ತೆಗೆಯಲು ತೋಳಿಗೆ ಪಟ್ಟಿ ಬಿಗಿಯುತ್ತಾ, "ಕಿಡ್ನಿ ಸಮಾಚಾರ ರಿಪೋರ್ಟ್ ಹೇಳುತ್ತೆ, ನಿನ್ನ ಸಮಾಚಾರ ನೀನೇ ಹೇಳ್ಬೇಕು" ಎಂದರು. ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು. ಅವರು ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತರು. "ಇದನ್ನ ಕೇಳೋಕೆ ನಾಚ್ಕೊಂಡು ಮನೆಗೆ ಹೋಗೋರೇ ಜಾಸ್ತಿ" ಎನ್ನುತ್ತಾ ಹೆಂಗಸರ ಡಾಕ್ಟರ ಕೋಣೆಗೆ ತಾವೇ ಕರೆದುಕೊಂಡು ಹೋದರು. ಹಳೆಯ ಕಾಯಿಲೆ, ಮಾತ್ರೆ, ಹೆದರಿಕೆ ಎಲ್ಲ ಸೇರಿದರೆ ಮೈ ಒಣಗುತ್ತದೆ, ಆಸೆ ಇಂಗುತ್ತದೆ, ಮನಸ್ಸೂ ಕುಸಿಯುತ್ತದೆ, ಇದಕ್ಕೆ ಚಿಕಿತ್ಸೆ ಇದೆ ಎಂದರು ಆ ಡಾಕ್ಟರು. ಹಚ್ಚಲು ಮುಲಾಮು ಕೊಟ್ಟರು, ಮನಸ್ಸಿನ ಡಾಕ್ಟರಿಗೆ ಚೀಟಿ ಬರೆದರು. ಈ ಮಾತ್ರೆಗಳ ನಡುವೆ ಬಸಿರಾಗಬಾರದಂತೆ, ಅದಕ್ಕೇನು ಮಾಡಬೇಕೆಂದು ನಾವಿಬ್ಬರೂ ಕೂತು ಮಾತಾಡಬೇಕಂತೆ. ನಾನು ಏಳುವಾಗ, "ಬೇಡ ಅನ್ನಿಸಿದ ದಿನ ಬೇಡ ಅನ್ನಿ, ಅದಕ್ಕೆ ಯಾರ ಅಪ್ಪಣೇನೂ ಬೇಕಾಗಿಲ್ಲ" ಎಂದರು.

ಇದರಿಂದ ನಾನೇನೂ ಕುಣಿದಾಡುತ್ತಿಲ್ಲ. ದಣಿವು ಹಾಗೇ ಇದೆ, ಎರಡನೇ ಮಹಡಿಯ ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಂಡೇ ಮೇಲೆ ಬರುತ್ತೇನೆ. (ಲಿಫ್ಟ್ ಮೆಕ್ಯಾನಿಕನ ಮನೆಗೇ ಲಿಫ್ಟ್ ಇಲ್ಲ ನೋಡು.) ಆದರೆ ನಿನ್ನ ಮೇಲೆ ನನಗೆ ಬೇಸರವಿಲ್ಲ, ಒಂದು ದಿನವೂ ಇರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಇರುತ್ತಾರೆ, ನೀನೋ ಎರಡು ನಿಮಿಷಕ್ಕೆ "ಸರಿ, ಇಡ್ಲಾ?" ಅನ್ನುತ್ತೀಯ. ಅದಕ್ಕೇ ಈ ಕಾಗದ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಬೈಂಡರಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ. ಹೋದ ತಿಂಗಳ ಕೊನೆಗೆ ನಾಲ್ಕು ದಿನ ನಾನು ಮಾತ್ರೆ ನುಂಗಲಿಲ್ಲ. ಮರೆತದ್ದಲ್ಲ. ಡಬ್ಬಿ ಕಣ್ಣೆದುರಿಗೇ ಇತ್ತು, ನನಗೆ ಸಾಕಾಗಿತ್ತು. ಇದನ್ನು ಹೇಳಿದಾಗಲೇ ನರ್ಸ್ ಎದ್ದು ಬಾಗಿಲು ಹಾಕಿದ್ದು. ಮೂರು ದಿನ ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಗುರುವಾರ ನೀನು ಫೋನ್ ಮಾಡಿದಾಗ ಮನೆಯಲ್ಲಿದ್ದೇನೆ ಎಂದದ್ದು ಸುಳ್ಳು, ಅತ್ತೆಗೂ ಮಾಮೂಲಿ ತಪಾಸಣೆ ಎಂದೇ ಹೇಳಿದ್ದೇನೆ. ಕಿಡ್ನಿ ಉಳಿದಿದೆ. ಈಗ ಒಂದು ಹೊತ್ತೂ ತಪ್ಪಿಸುತ್ತಿಲ್ಲ. ನೀನು ಕೊಟ್ಟದ್ದನ್ನು ನಿನ್ನನ್ನು ಕೇಳದೆ ಎಸೆಯಲು ಹೊರಟಿದ್ದೆ. ಬೈಯಬೇಕೆನಿಸಿದರೆ ಬಂದು ಎದುರಿಗೇ ಬೈಯಿ. ಇಪ್ಪತ್ತೈದಕ್ಕೆ ಡಾಕ್ಟರು ನಮ್ಮಿಬ್ಬರನ್ನೂ ಕರೆದಿದ್ದಾರೆ. ರಜೆ ಕೇಳು. ನನಗೆ ಒಬ್ಬಳೇ ಇರಲು ಭಯವಾಗುತ್ತಿದೆ.