ಕೋಲು ಹಿಡಿಯಲು ನೀನು ಬರಬೇಡ

ಚುವಿಪೆಕ್,
ನವೆಂಬರ್ 12, 2015

ನನ್ನ ಮುದ್ದು ಕಾಂದೆ,

ಮೊದಲು ಆ ಚೀಲ ಬಿಚ್ಚು. ಬಟ್ಟೆಗಳನ್ನೆಲ್ಲ ಮತ್ತೆ ಕಪಾಟಿನಲ್ಲಿಟ್ಟು, ಆಮೇಲೆ ಕೂತು ಈ ಕಾಗದ ಓದು. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಅರ್ಧ ಓದಿ, ಉಳಿದದ್ದನ್ನು ಬಸ್ಸಿನಲ್ಲಿ ಓದಿದರಾಯಿತು ಎಂದು ಹೊರಟೇಬಿಡುವವಳು ನೀನು. ಈ ಸಲ ಹಾಗೆ ಮಾಡಬೇಡ. ನಿನ್ನ ಕೈ ಹಿಡಿದು ಕೇಳಿಕೊಳ್ಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದಲ್ಲೇ ಇದೆ, ನೀನು ಕಳಿಸಿದ ಮುಲಾಮು ಹಚ್ಚಿಕೊಂಡರೆ ಮಲಗುವಷ್ಟು ಹೊತ್ತು ಸುಮ್ಮನಿರುತ್ತದೆ. ಮುಸುಕಿನ ಜೋಳದ ತೆನೆ ಮುರಿದು ಅಟ್ಟಕ್ಕೆ ಹಾಕಿದ್ದಾಯಿತು. ಕಪ್ಪು ಜೋಳ ಈ ವರ್ಷ ಚೆನ್ನಾಗಿ ಬಂದಿದೆ. ಅದರಲ್ಲಿ ನಿನಗೆಂದು ಗಂಜಿಹಿಟ್ಟು ಬೀಸಿ ನಮ್ಮ ಚರ್ಚಿನ ಸಿಸ್ಟರ್ ಅಂಪಾರೊ ಕೈಯಲ್ಲಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಅವರು ನಾಳೆ ರಾಜಧಾನಿಗೆ ಬರುತ್ತಾರೆ, ನಿನ್ನ ಆಸ್ಪತ್ರೆಗೇ ಬಂದು ಕೊಡುತ್ತಾರೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಸಿಗ್ನಲ್ ಸಿಗುವುದು ಇಲಾರಿಯಾಳ ಅಂಗಡಿಯ ಮುಂದೆ ಮಾತ್ರ. ಅಲ್ಲಿ ಬೆಂಚಿನ ಮೇಲೆ ಕೂರುವವರೆಲ್ಲ ಈಗ ನಮ್ಮೂರವರಲ್ಲ.

ನಿನ್ನ ಚಿಕ್ಕಪ್ಪನ ಮಗ ಎಲೀಸೆಯೊ ಫೋನ್ ಮಾಡಿ, "ಅಕ್ಕಾ, ಸಭೇಲಿ ನಿನ್ ಹೆಸ್ರು ಕೂಗಿದ್ರು, ಒಂದ್ವರ್ಷ ಊರಿನ ಕೋಲು ಹಿಡೀಬೇಕಂತೆ, ಬೇಗ ಬಾ" ಎಂದನಂತೆ. ಅವನ ಬಾಯಿಗೆ ಬೀಗ ಹಾಕುವ ಕಮ್ಮಾರ ಇನ್ನೂ ಹುಟ್ಟಿಲ್ಲ. ಪೂರ್ತಿ ಸಭೆ ಮುಗಿಯುವ ಮೊದಲೇ ಎದ್ದು ಹೊರಗೆ ಓಡಿ ನಿನಗೆ ಫೋನ್ ಮಾಡಿದ್ದಾನೆ. ಆಮೇಲೆ ಒಳಗೆ ಏನಾಯಿತು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಹೆಸರು ಕೂಗಿದ್ದು ನಿಜ. ಈ ವರ್ಷ ಕೋಲು ಹಿಡಿದವನು ನಡುವೆಯೇ ತೀರಿಹೋದದ್ದರಿಂದ ನಮ್ಮ ಮನೆಯ ಸರದಿ ಈಗಲೇ ಬಂದಿತ್ತು. ಅದಕ್ಕೆ ಸಂಬಳವಿಲ್ಲ, ಬಸ್ ಖರ್ಚಿಲ್ಲ, ಒಂದು ವರ್ಷ ಒರತೆ ಕಾಯಬೇಕು, ಕಾಡು ಕಾಯಬೇಕು, ಬೇಲಿ ಜಗಳ ಬಿಡಿಸಬೇಕು, ಪಟ್ಟಣದ ಪುರಸಭೆಯಲ್ಲಿ ಊರಿನ ಪರವಾಗಿ ಮಾತಾಡಬೇಕು. ರಾಜಧಾನಿಯಲ್ಲಿರಲಿ, ಗಡಿ ದಾಟಿ ಉತ್ತರದ ದೇಶದಲ್ಲಿರಲಿ, ಕರೆದರೆ ಬರಲೇಬೇಕು. ಬರದ ಮನೆಗೆ ಒರತೆಯ ನೀರಿಲ್ಲ, ಸ್ಮಶಾನದಲ್ಲಿ ಜಾಗವಿಲ್ಲ. ಸ್ಪೇನಿನ ರಾಜನ ಕಾಲದಿಂದ ಈ ಬೆಟ್ಟ ನಮ್ಮ ಕೈಯಲ್ಲಿ ಉಳಿದಿದ್ದರೆ ಅದು ಹೀಗೆ ಸರದಿ ತಪ್ಪಿಸದೆ ಕಾಯ್ದದ್ದರಿಂದಲೇ. ನರ್ಸಿಂಗ್ ಕಲಿಯಲು ಹೊರಟಾಗ ನೀನೇ ಹೇಳಿದ್ದೆ, "ನಮ್ಮ ಸರದಿ ಬಂದಾಗ ಬಂದೇ ಬರ್ತೀನಮ್ಮ" ಎಂದು. ಆವತ್ತು ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ? ಈಗ ಆ ಮಾತನ್ನು ನೀನು ಮರೆತಿದ್ದರೆ ಸಾಕು ಎನಿಸುತ್ತದೆ.

ಗಾಸ್ಪರ್ ಬಾತ್ಸ್‌ನ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ಕಂದಕಕ್ಕೆ ಜಾರಿ ಬಿದ್ದು ತೀರಿಹೋದ ಎಂದಷ್ಟೇ ಹೇಳಿದ್ದೆ.

ಈ ವರ್ಷ ಕೋಲು ಅವನದಾಗಿತ್ತಲ್ಲ. ಜನವರಿಯಲ್ಲಿ ಎಂದಿನಂತೆ ಹಳಬರು ಹೊಸಬರು ಸೇರಿ ಗಡಿ ನಡೆದರು, ಗಡಿಕಲ್ಲುಗಳಿಗೆ ಸುಣ್ಣ ಬಳಿದು ಬಂದರು. ಮಳೆ ಹಿಡಿದ ಮೇಲೆ ಒರತೆ ನೋಡಲು ಹೋದ ಗಾಸ್ಪರ್‌ನಿಗೆ, ಕೆಳಗಿನ ಎಸ್ಟೇಟಿನ ಬದಿಯ ಕಲ್ಲು ಒರತೆಗಿಂತ ಮೇಲೆ ನಿಂತಿರುವುದು ಕಂಡಿತು. ಅಂದರೆ ಒರತೆಯೂ ಎಸ್ಟೇಟಿಗೆ, ಅದರ ಸುತ್ತಲಿನ ಪೈನ್ ಕಾಡೂ ಎಸ್ಟೇಟಿಗೆ. ಹುಲ್ಲು ತುಳಿದಿಲ್ಲ, ಮಣ್ಣು ಹೊಸದೆಂದು ತೋರುವುದಿಲ್ಲ, ಸುಣ್ಣ ಕೂಡ ನಾವು ಬಳಿದಂತೆಯೇ ಇತ್ತಂತೆ. ಅಷ್ಟು ನಾಜೂಕಾಗಿ ಮಾಡಿದ್ದರು.

ಪಟ್ಟಣದಲ್ಲಿ ಪುರಸಭೆಯ ಬಹಿರಂಗ ಸಭೆ ಕರೆದಾಗ ನಾವೆಲ್ಲ ಹೋಗಿದ್ದೆವು. ಗಾಸ್ಪರ್ ಕೋಲು ಹಿಡಿದು ಮುಂದೆ ಹೋಗಿ ನಿಂತ. "ಮೇಯರ್ರೇ, ಕಲ್ಲಿಗೆ ಕಾಲಿಲ್ಲ. ಒರತೆ ಕೆಳ್ಗಿದ್ದ ಕಲ್ಲು ಮೇಲಕ್ಕೆ ಹೆಂಗ್ ಹತ್ತಿತು, ಒಸಿ ಹೇಳಿ" ಎಂದ. ಜನ ಗೊಳ್ಳೆಂದು ನಕ್ಕರು. ಮೇಯರೂ ನಕ್ಕ. "ಗಡಿ ವಿಷ್ಯ ನಂದಲ್ಲಪ್ಪ, ರಾಜಧಾನಿ ಕಚೇರೀದು. ನಾನ್ ರಸ್ತೆ ಮಾಡ್ಸೋನು" ಎಂದ. ಇಲಾರಿಯಾ ನನ್ನ ಪಕ್ಕದಲ್ಲೇ ಕೂತಿದ್ದಳು, ಅವಳು ಸುಮ್ಮನಿರುವವಳೇ? "ರಸ್ತೆ ಮಾಡ್ಸಿದ್ದೂ ಕಂಡಿದೀವಿ, ಅದ್ರಲ್ಲಿ ಯಾರ ಮರದ ಲಾರಿ ಇಳೀತವೆ ಅನ್ನೋದೂ ಕಂಡಿದೀವಿ" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದಳು. ಆಗ ಮೇಯರ್ ನಗಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಇಬ್ಬರು ಗಾಸ್ಪರ್‌ನನ್ನೇ ನೋಡುತ್ತಿದ್ದರು. ಅವರೂ ನಕ್ಕಿರಲಿಲ್ಲ.

ಮುಂದಿನ ತಿಂಗಳು ಪಟ್ಟಣಕ್ಕೆ ಹೋದ ಗಾಸ್ಪರ್ ಮನೆಗೆ ಬರಲಿಲ್ಲ. ಗಿರಣಿಯ ಹಿಂದಿನ ಕಂದಕದಲ್ಲಿ ಸಿಕ್ಕಿದ. ಪೊಲೀಸರು ಕುಡಿದು ಜಾರಿದ್ದಾನೆ ಎಂದು ಬರೆದುಕೊಂಡು ಹೋದರು. ಅವನ ಹೆಂಡತಿ ಪೆತ್ರೊನಿಲಾ ನನ್ನ ಹೆಗಲ ಮೇಲೆ ತಲೆಯಿಟ್ಟು, "ಅವ್ರು ಆ ದಾರೀಲಿ ಬರೋರೇ ಅಲ್ಲ ಅಕ್ಕಾ. ಬಸ್ಸಿಳಿದ್ರೆ ನೆಟ್ಟಗೆ ಚರ್ಚ್ ಮುಂದ್ಗಡೆಯಿಂದ ಬರೋರು. ಗಿರಣಿ ಹಿಂದಕ್ಕೆ ಯಾಕ್ ಹೋಗ್ತಾರೆ?" ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು.

ಕೋಲು ಮಾತ್ರ ಅವನ ಜೊತೆ ಸಿಗಲಿಲ್ಲ. ಕಂದಕವನ್ನೆಲ್ಲ ಜಾಲಾಡಿದರು. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಸಭಾಮನೆಯ ಬಾಗಿಲು ತೆಗೆಯಲು ಹೋದವರಿಗೆ ಅದು ಬಾಗಿಲಿಗೆ ಒರಗಿಸಿಟ್ಟದ್ದು ಕಂಡಿತು. ಬೆಳ್ಳಿಯ ತಲೆಯನ್ನು ಉಜ್ಜಿ ಹೊಳಪು ಮಾಡಿದ್ದರು. ಬಣ್ಣದ ಪಟ್ಟಿಗಳನ್ನು ಒಗೆದು ಕಟ್ಟಿದ್ದರು. ಊರಿನ ಮನೆಮನೆಗೂ ಹೋಗಿ ಕೇಳಿದೆವು, ತಂದಿಟ್ಟವರು ನಮ್ಮವರು ಯಾರೂ ಅಲ್ಲ. ಕಾಂದೆ, ಮುರಿದು ಬಿಸಾಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಇಷ್ಟು ಜೋಪಾನವಾಗಿ ತಂದಿಟ್ಟವರು ಮುಂದಿನವರು ಯಾರು ಎಂದು ನೋಡಲು ಕಾಯುತ್ತಿದ್ದಾರೆ ಎಂದೇ ನನಗೆ ಅನಿಸಿತು. ಅವತ್ತಿನಿಂದ ನಾಯಿ ಬೊಗಳಿದರೂ ಎದೆ ಧಸಕ್ಕೆನ್ನುತ್ತದೆ, ಬೊಗಳದಿದ್ದರೂ ಧಸಕ್ಕೆನ್ನುತ್ತದೆ.

ಇನ್ನೊಂದು ವಿಷಯ. ನಿನ್ನನ್ನು ಹೆದರಿಸಬೇಕೆಂದೇ ಬರೆಯುತ್ತಿದ್ದೇನೆ. ಹೆಸರು ಕೂಗಿದ ಮಾರನೆಯ ದಿನ ನಂಬರ್ ಫಲಕವಿಲ್ಲದ ಪಿಕಪ್ ಗಾಡಿಯೊಂದು ಇಲಾರಿಯಾಳ ಅಂಗಡಿ ಮುಂದೆ ನಿಂತಿತ್ತು. ಇಬ್ಬರು ಇಳಿದು ಸೋಡಾ ಕುಡಿದರಂತೆ. ಒಬ್ಬ ಬಹಳ ಮರ್ಯಾದೆಯಿಂದ, "ಏನಮ್ಮಾ, ಆ ನರ್ಸ್ ಹುಡ್ಗಿ ಊರಿಗೆ ಯಾವತ್ತು ಬರ್ತಾಳೆ? ಯಾವ ಬಸ್ಸಿಗೆ?" ಎಂದು ಕೇಳಿದನಂತೆ. ಇಲಾರಿಯಾ, "ಯಾವ ನರ್ಸೂ ಇಲ್ಲಪ್ಪ ನಮ್ಮೂರಲ್ಲಿ. ಇದ್ದಿದ್ರೆ ನನ್ ಹಲ್ಲುನೋವಿಗೆ ಔಷ್ದಿ ಕೇಳ್ತಿದ್ದೆ" ಎಂದು ಕೆನ್ನೆ ಹಿಡಿದುಕೊಂಡು ತೋರಿಸಿದಳಂತೆ. ನನಗೆ ಹೇಳುವಾಗ ನಗುತ್ತಲೇ ಹೇಳಿದಳು. ಆದರೆ ಅವತ್ತು ಹಗಲಲ್ಲೇ ಅಂಗಡಿಯ ಬಾಗಿಲು ಹಾಕಿಬಿಟ್ಟಳು. ಸಭೆಯ ಒಳಗೆ ಕೂಗಿದ ಹೆಸರು ಒಂದೇ ದಿನದಲ್ಲಿ ಅವರಿಗೆ ಹೇಗೆ ಗೊತ್ತಾಯಿತು? ನಮ್ಮಲ್ಲೇ ಯಾರೋ ಹೇಳಿದ್ದಾರೆ. ಈಗ ಚರ್ಚಿನಲ್ಲಿ ಪಕ್ಕದಲ್ಲಿ ಮಂಡಿಯೂರಿದವರ ಮುಖವನ್ನೂ ಒಮ್ಮೆ ತಿರುಗಿ ನೋಡುವಂತಾಗಿದೆ.

ಹೆಸರು ಕೂಗುವುದೆಂದರೆ ನನಗೇಕೆ ಇಷ್ಟು ಭಯ ಎಂದು ನೀನು ಚಿಕ್ಕಂದಿನಲ್ಲಿ ಕೇಳುತ್ತಿದ್ದೆ. ಶಾಲೆಯಲ್ಲಿ ಟೀಚರ್ ಹಾಜರಿ ಕೂಗುವಾಗಲೂ ನಾನು ಕಿಟಕಿಯ ಹೊರಗೆ ನಿಂತು ನಡುಗುತ್ತಿದ್ದೆನಂತೆ. ಆ ಯುದ್ಧದ ಕಾಲದಲ್ಲಿ, ನೀನು ಹೊಟ್ಟೆಯಲ್ಲಿದ್ದಾಗ, ಸೈನಿಕರು ಬಂದು ಊರವರನ್ನೆಲ್ಲ ಚರ್ಚಿನ ಮುಂದೆ ಕೂರಿಸಿದರು. ಅಧಿಕಾರಿಯೊಬ್ಬ ಹೆಸರು ಕೂಗಿದ. ಅವನಿಗೆ ಯಾರ ಮುಖವೂ ಗೊತ್ತಿರಲಿಲ್ಲ ಕಾಂದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಾರು ಯಾರೆಂದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ನಮ್ಮೂರಿನಲ್ಲಿ ಹೆಸರು ಕರೆದರೆ ಎದ್ದು ನಿಲ್ಲುವುದು ರೂಢಿ, ಅಪ್ಪ ಅಜ್ಜಂದಿರಿಂದ ಕಲಿತದ್ದು. ನಿನ್ನ ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತರು. ಹೆಸರು ಕರೆಸಿಕೊಂಡ ಎಲ್ಲ ಗಂಡಸರೂ ಹಾಗೆಯೇ, ಒಬ್ಬರಾದ ಮೇಲೊಬ್ಬರು, ಮರ್ಯಾದೆಯಿಂದ ಎದ್ದು ನಿಂತರು. ನಾನು ಅವರ ಪ್ಯಾಂಟು ಹಿಡಿದು ಜಗ್ಗಿದೆ. "ಬಿಡೇ, ಹೆಸ್ರು ಕರೀತಿದಾರೆ" ಎಂದರು. ನನಗೆ ಅವರು ಆಡಿದ ಕೊನೆಯ ಮಾತು ಅದು.

ಆದ್ದರಿಂದಲೇ, ಮೊನ್ನೆ ಸಭೆಯ ಹಿರಿಯ ಮೆಲ್ಚೊರ್ ತಾತ ಬಾಗಿಲ ಕಡೆ ಮುಖ ಮಾಡಿ "ಕಾಂದೆಲಾರಿಯಾ ತ್ಸುನೂನ್" ಎಂದು ಕೂಗಿದಾಗ ನಾನು ಶಿಲುಬೆಯ ಗುರುತು ಹಾಕಿಕೊಂಡೆ. ನೀನು ಅಲ್ಲಿಲ್ಲವೆಂದು ಗೊತ್ತಿದ್ದರೂ, ಎಲ್ಲಿ ಆ ಬಾಗಿಲಿನಿಂದ ಒಳಗೆ ಬಂದುಬಿಡುತ್ತೀಯೋ ಎಂದು ಅತ್ತಲೇ ನೋಡಿದೆ. ನಮ್ಮ ಪದ್ಧತಿ ನಿನಗೆ ತಿಳಿದದ್ದೇ. ಕರೆದವರು ಊರಿನಲ್ಲಿಲ್ಲದಿದ್ದರೆ ಮೂರು ಸಲ ಕೂಗುತ್ತಾರೆ. ಮೂರನೆಯ ಕೂಗು ಮುಗಿದರೆ ಬರಲೇಬೇಕೆಂದು ಹೇಳಿಕಳಿಸುತ್ತಾರೆ. ಅಷ್ಟರೊಳಗೆ ಊರಿನವರು ಯಾರಾದರೂ ಎದ್ದು ನಿಂತರೆ ಕೋಲು ನಿಂತವರದು, ಕರೆದವರ ಮನೆಯ ಸರದಿ ತೀರಿದಂತೆ. ಹಾಗೆ ಇನ್ನೊಬ್ಬರ ಹೊರೆಗೆ ಎದ್ದವರನ್ನು ನಾನಂತೂ ಕಂಡಿರಲಿಲ್ಲ. ಈ ಸಲ ಕಂಡೆ. ಎರಡನೆಯ ಕೂಗಿಗೇ ಒಬ್ಬರು ಎದ್ದರು. ಒಪ್ಪಿದೆವು ಎನ್ನುವಂತೆ ಗಂಡಸರ ಟೋಪಿಗಳೆಲ್ಲ ಇಳಿದವು. ಅಲ್ಲಿಗೆ ಮುಗಿಯಿತು.

ಯಾರೆಂದು ಈ ಕಾಗದದಲ್ಲಿ ಬರೆಯುವುದಿಲ್ಲ, ಕಾಗದ ಯಾರ ಕೈಗೆ ಸಿಗುತ್ತದೋ. ಹೆಂಗಸರ ಬದಿಯಿಂದ ಎದ್ದವರು, ವಯಸ್ಸಾದವರು, ಹಿಂದೆ ಮುಂದೆ ಚಿಕ್ಕ ಮಕ್ಕಳಿಲ್ಲದವರು. ಅವರ ಪಾಡು ಅವರಿಗೆ. ನಮ್ಮ ಮನೆಯ ಸರದಿ ತೀರಿತು, ಒರತೆಯ ನೀರು ನಲ್ಲಿಗೆ ಎಂದಿನಂತೆ ಬರುತ್ತದೆ, ಸ್ಮಶಾನದಲ್ಲಿ ನಮ್ಮ ಜಾಗ ನಮಗಿದೆ. ಇನ್ನು ನೀನು ಬರಲು ಕಾರಣವೇ ಇಲ್ಲ. ಕ್ರಿಸ್ಮಸ್‌ಗೂ ಬರಬೇಡ. ಎಲೆಯಲ್ಲಿ ಬೇಯಿಸಿದ ಜೋಳದ ತಮಾಲೆಯ ಆಸೆಯಾದರೆ ಅಲ್ಲೇ ಯಾರ ಕೈಯಿಂದಲಾದರೂ ಮಾಡಿಸಿಕೊಂಡು ತಿನ್ನು, ರುಚಿಯಿಲ್ಲವೆಂದು ಗೊಣಗಬೇಡ. ಎಲೀಸೆಯೊ ಫೋನ್ ಮಾಡಿದರೆ, "ಡ್ಯೂಟಿ ಇದೆ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಡು. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ನಡೆದು ಹೋಗಬೇಡ. ಊಟ ಸರಿಯಾಗಿ ಮಾಡು. ಊರಿನ ಹೆಸರು ಕೇಳಿದವರಿಗೆ ಬೇರೆ ಯಾವುದಾದರೂ ಊರು ಹೇಳು. ನಿನ್ನ ಮೇಲೆ ನನಗೆ ಕೋಪವಿಲ್ಲ, ಭಯವಷ್ಟೇ. ಅದನ್ನು ಬೈಗುಳದ ಹಾಗೆ ಬರೆದಿದ್ದರೆ ಕ್ಷಮಿಸು.

ನಿನ್ನನ್ನು ಹೆತ್ತು, ದೂರ ಕಳಿಸಿ, ದೂರವೇ ಇರು ಎನ್ನುವ
ನಿನ್ನ ಅಮ್ಮ,
ಎಸ್ತೆಫಾನಾ

ಮತ್ತೆ: ಕಾಗದ ಮಡಿಸಿ ಸಿಸ್ಟರ್ ಕೈಗೆ ಕೊಟ್ಟಿದ್ದೆ. ಅವರು ಬಾಗಿಲ ತನಕ ಹೋಗಿ ತಿರುಗಿ ಬಂದು, "ಎಸ್ತೆಫಾನಾ, ಯಾರು ಎದ್ರು ಅಂತ ಬರ್ದಿದೀಯಾ?" ಎಂದು ಕೇಳಿದರು. ಇಲ್ಲವೆಂದೆ. ಅವರು ಕಾಗದ ಮೇಜಿನ ಮೇಲಿಟ್ಟು ಕೂತುಬಿಟ್ಟರು. ಈಗಲೂ ಎದುರಿಗೆ ಕೂತೇ ಇದ್ದಾರೆ. ಹೇಗೂ ಎಲೀಸೆಯೊ ನಿನಗೆ ಹೇಳದೆ ಬಿಡುವುದಿಲ್ಲ. ಎದ್ದವಳು ನಾನೇ.

ಕೋಲಿಗೆಂದು ಏಳಲಿಲ್ಲ ಮಗಳೇ, ಜಗಳಕ್ಕೆಂದು ಎದ್ದೆ. "ಅವಳಲ್ಲ! ಅವಳ್ನ ಕರೀಬ್ಯಾಡಿ!" ಎಂದು ಕಿರುಚಿದೆ. ಟೋಪಿಗಳು ಇಳಿದ ಮೇಲೆಯೇ ನಾನು ನಿಂತಿದ್ದೇನೆಂದು ನನಗೆ ಗೊತ್ತಾದದ್ದು. ಕೂರಲು ಹೋದೆ. ಮೆಲ್ಚೊರ್ ತಾತ, "ಇನ್ ಕೂತ್ಕೊಳ್ಳೋ ಹಂಗಿಲ್ಲ ತಾಯಿ" ಎಂದರು. ನನಗೆ ಭಯವಾಗುತ್ತದೆ ಎಂದೆ, ಎಲ್ಲರ ಮುಂದೆಯೇ ಹೇಳಿದೆ. "ನಮ್ಗೂ ಅಷ್ಟೇ" ಎಂದರು. ಶನಿವಾರ ಆ ಕಲ್ಲನ್ನು ಮತ್ತೆ ಒರತೆಯ ಕೆಳಕ್ಕೆ ಹೊತ್ತು ಹಾಕಲು ಹೋಗುತ್ತಿದ್ದೇವೆ. ಊರೆಲ್ಲ ಬರುತ್ತದೆ, ಪೆತ್ರೊನಿಲಾಳೂ ಬರುತ್ತಾಳೆ. ಕೋಲು ಹಿಡಿದು ಮುಂದೆ ನಡೆಯಬೇಕಾದವಳು ನಾನು.

ಇದನ್ನು ಓದಿದ ಕೂಡಲೇ ನೀನು ಮತ್ತೆ ಚೀಲ ಕಟ್ಟುತ್ತೀಯ. ಬೇಡ. ನಿನಗೆ ಅಪಾಯ ಎಂದು ಮಾತ್ರ ಹೇಳುತ್ತಿಲ್ಲ. ನನ್ನ ಮಂಡಿ, ನನ್ನ ಮನೆ, ನನ್ನ ಜೀವ, ಯಾವುದನ್ನು ತೋರಿಸಿ ಹೆದರಿಸಿದರೂ ನಾನು ಆ ಕಲ್ಲಿನ ಪಕ್ಕ ನಿಂತೇನು. ಆದರೆ ನೀನು ಇಲ್ಲಿ ಬಸ್ಸಿಳಿದೆ ಎಂದು ಅವರಿಗೆ ತಿಳಿದರೆ ಸಾಕು, ಅವರು ಕೇಳುವ ಮೊದಲೇ ನಾನು ಇಡೀ ಬೆಟ್ಟವನ್ನು ಬಿಟ್ಟುಕೊಟ್ಟುಬಿಡುತ್ತೇನೆ.