ನಿನ್ನ ಹೆಸರಿನಲ್ಲಿ ಕೊಟ್ಟ ಉತ್ತರ

ಹಡಪಸರ, ಪುಣೆ
೧೮ ನವೆಂಬರ್ ೨೦೨೪

ಪ್ರೀತಿಯ ನೀಲಿಮಾ,

ಆ ಫೋಟೋದಲ್ಲಿರುವುದು ನಾನು.

ನೀನು ನಿನ್ನೂರು ಬೆಳಗಾವಿಯಿಂದ ಅದನ್ನು ಮೊಬೈಲಿಗೆ ಕಳಿಸಿ, "ನನ್ನ ಹೆಸರಿನ್ಯಾಗ ನಿಂತಾಕಿ ಯಾರು, ನಿನಗೇನರ ಗೊತ್ತದ ಏನ?" ಎಂದು ಕೇಳಿದ್ದೆ. ಟೋಪಿಯ ನೆರಳು ಬಿದ್ದಿದೆ, ಗುರುತು ಸಿಗುವುದಿಲ್ಲ ಎಂದು ಬರೆದೆ. ನನ್ನ ಗದ್ದ ನನಗೆ ಗೊತ್ತಾಗದೇ ಇರುತ್ತದೆಯೇ? ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಕಟ್ ಮಾಡುತ್ತೀ, ಅದಕ್ಕೇ ಕಾಗದ. ಯಾರಿಗೆ ಬೇಕಾದರೂ ತೋರಿಸು.

ನೀನು ಮಹಿಳಾ ದಳಕ್ಕೆ ಸೇರಿದ ವಾರವೇ ನನ್ನ ಮನೋಹರ ಮಾಮಾ ನಿನಗೆ ಖಾಕಿ ಕೊಟ್ಟು, ತರಬೇತಿ ಆಮೇಲೆ ಆಗುತ್ತದೆ ಎಂದು, ಪೊಲೀಸರ ಜೊತೆ ಬಂದೋಬಸ್ತಿಗೆ ಕಳಿಸಿದ. ಆಮೇಲೆ ಎನ್ನುವುದು ಬರಲೇ ಇಲ್ಲ. ತರಬೇತಿಯ ಖರ್ಚನ್ನು ಮೊದಲು ದಳ ಹಾಕಬೇಕು, ನಂತರ ಸರಕಾರ ತಲೆ ಎಣಿಸಿ ಅದನ್ನು ತುಂಬಿಕೊಡುತ್ತದೆ. ಕಲಿಸದೆಯೇ ತಲೆ ತೋರಿಸಿದರೆ ಎಷ್ಟು ಸಲೀಸು ಎಂಬುದು ತರಬೇತಿಯ ಉಸ್ತುವಾರಿಯಲ್ಲಿದ್ದ ಮಾಮಾನಿಗೆ ಬೇಗ ತಿಳಿಯಿತು. ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದಾಗ ಮಾತ್ರ ಅವನಿಗೆ ಮೈದಾನದಲ್ಲಿ ನಿಲ್ಲುವ ಹುಡುಗಿಯರು ಬೇಕಾದರು. ತರಬೇತಿಯಾಗಿಲ್ಲ ಎಂದು ನೀನು ಸಾಹೇಬರಿಗೆ ಹೇಳಿಬಿಡಬಹುದೆಂದು ಆ ದಿನ ನಿನಗೆ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಡ್ಯೂಟಿ ಹಾಕಿದ್ದ. ಅಳತೆ ಸರಿಮಾಡಿಸಬೇಕು ಎಂದು ನಿನ್ನಿಂದ ಇಸಿದುಕೊಂಡ ಎರಡನೇ ಜೊತೆ ಸಮವಸ್ತ್ರ ನನ್ನ ಮೈಮೇಲಿತ್ತು.

ಮಾಮಾ ಹೆದರಿಸಿದ್ದಕ್ಕೆ ನಿಂತೆ ಎಂದು ಬರೆಯಬಹುದಿತ್ತು. ಹಾಗಲ್ಲ. "ಹತ್ತನೇತ್ತಾ ಪಾಸ್ ಇಲ್ಲದಿದ್ರೂ ನಿನಗೊಂದು ಜಾಗಾ ಮಾಡ್ತೀನಿ" ಎಂದಿದ್ದ. ನನಗೆ ಆ ಖಾಕಿ ಬೇಕಿತ್ತು. ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡೆ.

ಮೈದಾನದಲ್ಲಿ ಕವಾಯತಿನ ಉಸ್ತಾದರು "ಸಾವಧಾನ!" ಎಂದು ಕೂಗಿದರು. ನಮ್ಮ ಮನೆಯಲ್ಲಿ ಸಾವಧಾನ ಅಂದರೆ ನಿಧಾನ, ಅವಸರ ಬೇಡ ಎಂದು ತಾನೇ ಅರ್ಥ? ನಾನು ಆರಾಮಾಗಿ ಕೈಕಾಲು ಸಡಿಲಬಿಟ್ಟೆ. ಉಳಿದವರೆಲ್ಲ ಕಂಬದಂತೆ ಸೆಟೆದರು. ಪಕ್ಕದಲ್ಲಿದ್ದ ರಂಗೂಬಾಯಿ ತುಟಿ ಅಲ್ಲಾಡಿಸದೆ ಮರಾಠಿಯಲ್ಲಿ, ನೆಟ್ಟಗೆ ನಿಲ್ಲೇ ಎಮ್ಮೆ, ಎಂದು ಉಗಿದಳು. ನನಗೆ ನಗು ತಡೆಯಲಿಲ್ಲ. ಅಷ್ಟು ಖುಷಿಯಲ್ಲಿದ್ದೆ.

ಗರ್ದಿಯನ್ನು ಹಗ್ಗದಿಂದ ತಡೆಯುವುದನ್ನು ಉಸ್ತಾದರು ಅಂದು ಬೆಳಿಗ್ಗೆಯಷ್ಟೇ ಹೇಳಿಕೊಟ್ಟಿದ್ದರು. ಸಾಹೇಬರು ಸಾಲಿನ ಮುಂದೆ ನಡೆದು ಬಂದು ನನ್ನೆದುರು ನಿಂತು, ಹಗ್ಗ ಹಿಡಿಯುವಾಗ ಯಾವ ತಪ್ಪು ಮಾಡಬಾರದು ಎಂದು ಕೇಳಿದರು. ನಾನು ಗಟ್ಟಿಯಾಗಿ ಹೇಳಿದೆ: ಮುಷ್ಟಿಯಲ್ಲಷ್ಟೇ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಬಾರದು, ಸುತ್ತಿಕೊಂಡರೆ ಜನ ಎಳೆದಾಗ ಹಗ್ಗ ಬಿಡಲಾಗುವುದಿಲ್ಲ, ಕೈ ಹೋಗುತ್ತದೆ. ಸಾಹೇಬರು "ಶಾಬಾಸ್" ಎಂದು ನಿನ್ನ ಹೆಸರು ಬರೆದುಕೊಂಡರು. ಯಾರೋ ಫೋಟೋ ತೆಗೆದರು. ಒಂಬತ್ತನೇತ್ತೆಯಲ್ಲಿ, ಮಾಸ್ತರರೇ ಪರೀಕ್ಷೆಯ ಉತ್ತರ ಬೋರ್ಡಿನ ಮೇಲೆ ಬರೆಯುತ್ತಾರೆ ಎಂದು ಎಲ್ಲರೆದುರು ಹೇಳಿ, ಕ್ಷಮೆ ಕೇಳದೆ ಶಾಲೆ ಬಿಟ್ಟವಳು ನಾನು. ಅಂದಿನಿಂದ ನನ್ನ ಉತ್ತರ ಸರಿ ಎಂದು ಯಾರೂ ಅಂದಿರಲಿಲ್ಲ.

ಸಂಜೆ ನೀನು ಮಗರಪಟ್ಟಾದ ಗೇಟಿನ ಹತ್ತಿರ ಸಿಕ್ಕೆ, ಇಬ್ಬರೂ ಭೇಳ್ ತಿಂದೆವು. ಹಗ್ಗದ ಮಾತನ್ನು ನಿನಗೆ ಹೇಳಬಹುದಿತ್ತು. ನಿನಗೆ ಎಲ್ಲಿ ಕಲಿತೆ ಎಂಬ ಸಂಶಯ ಬಂದೀತೆಂದು ಹೇಳಲಿಲ್ಲ. ಗಣಪತಿ ವಿಸರ್ಜನೆಯ ದಿನ ನೀನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ನಿಂತೆ. ಗಟ್ಟಿ ಹಿಡಿಯಬೇಕು ಎಂದಷ್ಟೇ ನಿನಗೆ ಗೊತ್ತಿತ್ತು. ಮೆರವಣಿಗೆಯ ಟ್ರ್ಯಾಕ್ಟರಿಗೆ ಹಗ್ಗ ಸಿಕ್ಕಿತು. ನಿನ್ನ ಬೆರಳು ಹೋದವು.

ಈಗ ದಳದವರು ಆ ಫೋಟೋ ತೋರಿಸಿ ಪರಿಹಾರವಿಲ್ಲ ಎನ್ನುತ್ತಿದ್ದಾರೆ. ಅವಳಿಗೆ ತರಬೇತಿಯಾಗಿದೆ, ಸರಕಾರ ಅದರ ಖರ್ಚನ್ನೂ ಕೊಟ್ಟಿದೆ, ತಪಾಸಣೆಯಲ್ಲಿ ಅವಳೇ ಸರಿಯಾದ ಉತ್ತರ ಹೇಳಿದ್ದಾಳೆ, ಗೊತ್ತಿದ್ದೂ ಮಾಡಿದ ತಪ್ಪು ಅವಳದೇ ಎಂದು. ನಾನು ಕೊಟ್ಟ ಉತ್ತರವನ್ನು ನಿನ್ನ ಕೈಯ ಮೇಲೆ ಹೊರಿಸಿದ್ದಾರೆ.

ಮಾಮಾನಿಗೆ ನಿನ್ನೆ ಹೇಳಿದೆ, ಹೋಗಿ ಎಲ್ಲ ಬರೆಸುತ್ತೇನೆ ಎಂದು. ಅವನು ಕೂಗಾಡಲಿಲ್ಲ. "ವರದಾ, ಶಾಣ್ಯಾಕಿ ಆಗಬ್ಯಾಡ. ಒಂದು ತಲಿ ಸುಳ್ಳಂತ ಗೊತ್ತಾದ್ರ ಎಲ್ಲಾ ತಲಿ ಸುಳ್ಳಂತಾರ. ಸರಕಾರ ಕೊಟ್ಟದ್ದು ವಾಪಸ್ ಕೇಳ್ತದ, ದಳ ಮುಚ್ಚತದ. ರಂಗೂಬಾಯಿ ಮನ್ಯಾಗ ನೀ ಒಲಿ ಹಚ್ಚತೀ ಏನ?" ಎಂದ. ಅದು ಬರೀ ಹೆದರಿಕೆಯ ಮಾತಲ್ಲ, ನೀಲಿ. ನಿಜ.

ಆದರೂ ಇಂದು ಶಿವಾಜಿನಗರದಲ್ಲಿ ತಪಾಸಣೆಯ ಸಾಹೇಬರ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟೆ. ಗುಮಾಸ್ತ, ಬೇರೆಯವರ ಹೆಸರಲ್ಲಿ ನಿಂತದ್ದಕ್ಕೆ ನಿನ್ನ ಮೇಲೂ ಕೇಸಾಗುತ್ತದೆ ಎಂದ. ಬರ್ಕೋರಿ ಎಂದೆ. ಶಿಕ್ಷಣ ಎಂಬಲ್ಲಿ ಒಂಬತ್ತನೇತ್ತಾ ನಾಪಾಸು ಎಂದು ಬರೆಯಹೊರಟ. ನಾಪಾಸಲ್ಲ, ಬಿಟ್ಟದ್ದು ಎಂದು ತಿದ್ದಿಸಿದೆ. ಹೊರಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ರಂಗೂಬಾಯಿ ಫೋನು ಮಾಡಿ, ನಿನ್ನ ಒಂದು ಬಾಯಿಗೆ ನಮ್ಮೆಲ್ಲರ ಹೊಟ್ಟೆ ಹೋಯಿತು ಎಂದು ಶಾಪ ಹಾಕಿದಳು.

ನಿನಗೆ ಪರಿಹಾರ ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಸಿಕ್ಕೇ ಸಿಗುತ್ತದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು ಹೂಂ ಅನ್ನುತ್ತೀ, ನಿನ್ನ ಸ್ವಭಾವವೇ ಹಾಗೆ. ಅನ್ನಬೇಡ.

ನಿನ್ನ
ವರದಾ

ತಾ.ಕ.: ಹೇಳಿಕೆಯಲ್ಲಿ ಒಂದು ಮಾತು ಬಿಟ್ಟಿದ್ದೇನೆ. ಅಂದು ಬೆಳಿಗ್ಗೆ ನಿನ್ನ ಅಂಗಿಗೆ ಇಸ್ತ್ರಿ ಮಾಡಿ, 'ನೀಲಿಮಾ' ಎಂಬ ಪಟ್ಟಿಯನ್ನು ನನ್ನ ಎದೆಗೆ ಸಿಕ್ಕಿಸಿದವಳು ನಮ್ಮ ಅವ್ವ. "ಅಣ್ಣ ಹೇಳ್ಯಾನಲ್ಲ, ಒಂದ ದಿನದ ಮಾತು" ಎಂದಿದ್ದಳು. ಕಚೇರಿಯಲ್ಲಿ ನನ್ನ ಬಾಯಿಗೆ ಅದು ಬರಲಿಲ್ಲ. ನಿನಗೆ ಹೇಳಿದ್ದೇನೆ, ಏನು ಮಾಡುತ್ತೀಯೋ ನೋಡು. ಅವ್ವ ನನ್ನ ಜೊತೆ ಬರುವುದಿಲ್ಲ, ಮಾಮಾನ ಮನೆಯಲ್ಲೇ ಇರುತ್ತಾಳಂತೆ. ಬಾರಾಮತಿಯ ಒಂದು ಹಾಲಿನ ಡೇರಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ.